ಪರೇಡಿಗೆ ಕೊಟ್ಟ ಸೀರೆ

ಮಾರ್ಚ್ 5, ಮಂಗಳವಾರ

ಹಾಲು ಮತ್ತೆ ಉಕ್ಕಿತು. ಒಲೆಯ ಮುಂದೆಯೇ ನಿಂತಿದ್ದೆ, ಆದರೂ ಉಕ್ಕಿತು. ಒರೆಸಿದೆ. ಉಳಿದದ್ದರಲ್ಲಿ ಚಹಾ. ಬಿಸಿಲು ಈಗಲೇ ಜೋರು. ಸಿಕಂದರಾಬಾದಿನ ಹತ್ತಿರದ ಈ ತಾರ್ನಾಕದಲ್ಲಿ ಮಾರ್ಚ್ ಅಂದರೆ ಮೇ ತಿಂಗಳ ಅಡ್ವಾನ್ಸ್ ಕಾಪಿ.

ತಿಂಡಿ ಮುಗಿಸುವಷ್ಟರಲ್ಲಿ ಕೆಳಗಿನ ಮನೆಯ ಡೋರೀನ್ ಬಂದಳು. ಮಿಸೆಸ್ ಡೋರೀನ್ ಕ್ಯಾಸಿಡಿ. ಶಾಲೆಯಲ್ಲಿ ಪಾಠ ಹೇಳಿ ರಿಟೈರ್ ಆದವಳು, ನನ್ನ ಹಾಗೆ ಒಂಟಿ. ತೀರಿಹೋದ ನನ್ನ ಹೆಂಡತಿ ಶಿವದೇವಿಗೆ ತೀರಾ ಹತ್ತಿರದ ಗೆಳತಿ. ಇಬ್ಬರೂ ಹಿಂದಿಯಲ್ಲಿ ಮಾತಾಡುತ್ತಿದ್ದರು — ಶಿವದೇವಿಯ ಹಿಂದಿಯಲ್ಲಿ ಅರ್ಧ ಕನ್ನಡ, ಇವಳ ಹಿಂದಿಯಲ್ಲಿ ಅರ್ಧ ಇಂಗ್ಲಿಷು. ಆದರೂ ಮಾತು ಮಧ್ಯಾಹ್ನದವರೆಗೆ ಮುಗಿಯುತ್ತಿರಲಿಲ್ಲ.

ಈ ಡೋರೀನಳ ಮುತ್ತಜ್ಜ ಐರಿಶ್ ಸಿಪಾಯಿ. ಐರ್ಲೆಂಡಿನಿಂದ ತಿರುಮಲಗಿರಿಯ ದಂಡಿಗೆ ಬಂದವನು ತಿರುಗಿ ಹೋಗಲಿಲ್ಲ. ಅಂಥ ಹಳೇ ಮನೆತನಗಳು ಮೆಟ್ಟುಗುಡ, ಲಾಲಾಗುಡದ ಕಡೆ ಇನ್ನೂ ಇವೆ, ಹೆಚ್ಚಿನವರು ರೈಲ್ವೆಯವರು. ಪ್ರತಿ ಮಾರ್ಚಿನಲ್ಲಿ ಅವರ ಸಂತ ಪ್ಯಾಟ್ರಿಕ್‌ನ ಹಬ್ಬಕ್ಕೆ ಹಸಿರು ತೊಟ್ಟು ಚರ್ಚಿನವರೆಗೆ ನಡೆಯುತ್ತಾರೆ. ಮಕ್ಕಳ ಹೆಗಲಿಗೆ ಹಸಿರು ಪಟ್ಟಿ, ಸ್ಯಾಶ್. ಈ ಸಲ ಪೆಟ್ಟಿಗೆ ತೆಗೆದರೆ ಪಟ್ಟಿಗಳನ್ನೆಲ್ಲ ಹುಳು ತಿಂದಿವೆಯಂತೆ.

"ಗ್ರೀನ್ ಕುಛ್ ಹೈ ಕ್ಯಾ, ಸಿದ್ರಾಮ್ ಭಾಯ್? ಪುರಾನಾ ಭೀ ಚಲೇಗಾ."

ಅಲ್ಮೇರಾ ತೆಗೆದೆ. ಶಿವದೇವಿ ಹೋದ ಮೇಲೆ ಆ ಬಾಗಿಲು ತೆಗೆದಿರಲಿಲ್ಲ. ಕೆಳಗಿನ ಖಾನೆಯಲ್ಲಿ ಬಿಳಿ ಬಟ್ಟೆಯ ಗಂಟು, ಒಳಗೆ ಒಣಗಿದ ಬೇವಿನೆಲೆ, ಹಸಿರು ಇಳಕಲ್ ಸೀರೆ. ಹಳೆಯದು. ಅವಳು ಉಟ್ಟದ್ದು ಇತ್ತೀಚೆಗೆ ನೋಡಿದ ನೆನಪಿಲ್ಲ. ಕೊಟ್ಟೆ.

"ಕಟಿಂಗ್ ಹೋಗಾ. ಶುವರ್?"

"ವಿತ್ ಪ್ಲೆಷರ್, ಮೇಡಮ್," ಅಂದೆ. ಕಲಬುರಗಿ ಕಾಲೇಜಿನ ಇಂಗ್ಲಿಷು, ಎಲ್ಲೋ ಇತ್ತು, ಬಂತು.

ಶಿವದೇವಿಯ ವಸ್ತು ಒಂದನ್ನು ಹಿಂದೆಮುಂದೆ ನೋಡದೆ ಎತ್ತಿಕೊಟ್ಟೆ. ಮನಸ್ಸು ಹಗುರ. ರಾತ್ರಿ ಒಂದು ರೊಟ್ಟಿ ಹೆಚ್ಚೇ ತಿಂದೆ.

ಮಾರ್ಚ್ 8, ಶುಕ್ರವಾರ. ಶಿವರಾತ್ರಿ

ಉಪವಾಸ. ಲಿಂಗಪೂಜೆ ಮುಗಿಸಿ ಉತ್ತತ್ತಿ ತಿನ್ನುತ್ತ ಕುಳಿತಿದ್ದೆ. ಕೊಂಡಾಪುರದಿಂದ ರಶ್ಮಿಯ ಫೋನು.

ಮಗಳಿಗೆ ಏಳನೆಯ ತಿಂಗಳು. ಇದನ್ನು ಬರೆಯುವಾಗಲೂ ಪೆನ್ನು ಮೆಲ್ಲಗೆ ಹೋಗುತ್ತದೆ. ಮೊದಲು ಎರಡು ಸಲ ನಿಲ್ಲಲಿಲ್ಲ. ಎರಡನೆಯ ಸಲ ಶಿವದೇವಿ ಬದುಕಿದ್ದಳು. ಕುಲಾಯಿ, ಅಂಗಿ ಎಲ್ಲ ಹೊಲಿದು ಕಳಿಸಿದ್ದಳು. ಆಸ್ಪತ್ರೆಯಿಂದ ಬಂದ ದಿನವೇ ರಶ್ಮಿ ಅವನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟಳು. ಅಂದಿನಿಂದ ಆಕೆ ಮುಂದಿನ ಮಾತೇ ಆಡುವುದಿಲ್ಲ. ಹುಟ್ಟಿದ ಮೇಲೆ, ದೊಡ್ಡದಾದ ಮೇಲೆ — ಯಾರಾದರೂ ಅಂದರೆ ಎದ್ದು ಹೋಗುತ್ತಾಳೆ. ಈ ಸಲ ಮನೆಯಲ್ಲಿ ಒಂದು ತುಂಡು ಬಟ್ಟೆ ಕೂಡ ತಂದಿಲ್ಲ. ಕುಬಸ, ಸೀಮಂತದ ಶಾಸ್ತ್ರ, ಅದೂ ಬೇಡ ಅಂದಿದ್ದಳು.

"ಅಪ್ಪಾ, ಅತ್ತೀದು ದಿನಾ ಒಂದ ರಾಗ. ಕುಬಸ ಆಗಬೇಕು, ಕುಬಸ ಆಗಬೇಕು."

"ನೀ ಏನಂದಿ?"

"ಮಾಡ್ರಿ ಅಂದೆ."

ಕೈಯಲ್ಲಿದ್ದ ಉತ್ತತ್ತಿ ತಟ್ಟೆಗೆ ಇಟ್ಟೆ.

"ಆದ್ರ ಒಂದ ಕಂಡೀಶನ್. ಅವ್ವನ ಹಸಿರು ಇಳಕಲ್ ಸೀರಿ ಉಟ್ಕೊಂಡೇ ಕುಂದರಾಕಿ. ನಾ ಹೊಟ್ಟ್ಯಾಗ ಇದ್ದಾಗ ಅಕಿ ಉಟ್ಟಿದ್ದು. ಬ್ಯಾರೇದು ತಂದ್ರ ಕುಂದ್ರಂಗಿಲ್ಲ."

"ಯಾವ ಸೀರಿ?"

"ಬಿಳಿ ಬಟ್ಟ್ಯಾಗ ಕಟ್ಟಿಟ್ಟಾಳಲ್ಲ, ಬೇವಿನೆಲಿ ಹಾಕಿ. ನನಗಂತನ ಇಟ್ಟಿದ್ಲು. ನಿನಗ ಗೊತ್ತಿಲ್ಲೇನು?"

"ಗೊತ್ತೈತಿ ಬಿಡವಾ," ಅಂದೆ.

ಫೋನು ಇಟ್ಟು ಅಲ್ಮೇರಾದ ಬಾಗಿಲು ತೆಗೆದೆ. ತೆಗೆದರೆ ಏನು ಇರುತ್ತದೆ? ಖಾನೆ ಖಾಲಿ. ಬೇವಿನೆಲೆಯ ಪುಡಿ ಒಂದಷ್ಟು. ಟು ಮೈ ಅಟರ್ ಡಿಸ್ಮೇ — ಕಾಲೇಜಿನ ಪ್ರಬಂಧಗಳಲ್ಲಿ ಎಷ್ಟು ಸಲ ಬರೆದಿದ್ದೆ ಈ ಮಾತನ್ನು! ಅರ್ಥ ಇವತ್ತು ಆಯಿತು.

ಸಂಜೆ ಕೆಳಗೆ ಇಳಿದೆ. ಡೋರೀನ್ ಮನೆಗೆ ಬೀಗ. ಪರೇಡಿನ ತಾಲೀಮಿಗೆ ಹೋಗಿದ್ದಾಳಂತೆ.

ಮಾರ್ಚ್ 10, ಭಾನುವಾರ

ಇವತ್ತು ಸಿಕ್ಕಳು. ಚಹಾ ಕೊಟ್ಟಳು. ಗೋಡೆಯ ಮೇಲೆ ಮುತ್ತಜ್ಜನ ಫೋಟೋ: ಮೀಸೆ, ಪದಕ, ಒಂದು ಕಣ್ಣು ಸ್ವಲ್ಪ ಸಣ್ಣದು. ಮಾತು ಎಲ್ಲಿಂದ ಶುರು ಮಾಡುವುದು ತಿಳಿಯದೆ ಕೇಳಿದೆ, ನೀವು ಯಾವತ್ತಾದರೂ ಐರ್ಲೆಂಡಿಗೆ ಹೋಗಿದ್ದಿರಾ ಅಂತ.

"ಜಾಕೆ ಕ್ಯಾ ಕರೂಂ, ಮ್ಯಾನ್? ಉಧರ್ ಮೇರಾ ಕೌನ್ ಹೈ? ಪರೇಡ್ ತೋ ಇಧರ್ ಹೈ."

ಹೌದಲ್ಲ. ಭಾಲ್ಕಿಯಲ್ಲಿ ನನ್ನವರು ಯಾರಿದ್ದಾರೆ ಈಗ? ಆದರೂ ಯಾರಾದರೂ ಕೇಳಿದರೆ ಭಾಲ್ಕಿಯವನು ಅನ್ನುತ್ತೇನೆ. ಜೀಡಿಮೆಟ್ಲಾದ ಔಷಧ ಫ್ಯಾಕ್ಟರಿಯಲ್ಲಿ ಡಿಸ್ಪ್ಯಾಚ್ ನೋಡುತ್ತ ಆಯುಷ್ಯವೆಲ್ಲ ಇಲ್ಲೇ ಕಳೆಯಿತು. ಭಾಲ್ಕಿಯವನು ಅನ್ನುವುದು ಮಾತ್ರ ತಪ್ಪಿಲ್ಲ. ಏನೋ ಬರೆಯಲು ಹೋಗಿ ಏನೋ...

ಸೀರೆಯ ಮಾತು. ತಾನಾಗೇ ತೆಗೆದಳು. ಟೇಲರ್ ಕತ್ತರಿಸಿ ಆಯಿತಂತೆ, ಬಟ್ಟೆ ಫಸ್ಟ್ ಕ್ಲಾಸ್ ಅಂದನಂತೆ, ಮಕ್ಕಳಿಗೆಲ್ಲ ಸಾಕಾಯಿತಂತೆ. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಹೋದ ವರ್ಷ ಶಿವದೇವಿ ಫುಟ್‌ಪಾತಿನ ಮೇಲೆ ನಿಂತು ಪರೇಡು ನೋಡಿದ್ದಳು. ಮುಂದಿನ ಸಲ ನಿಮ್ಮ ಜೊತೆ ನಾನೂ ನಡೆಯುತ್ತೇನೆ ಅಂದಿದ್ದಳಂತೆ. ನನಗೆ ಹೇಳಿರಲಿಲ್ಲ.

"ನೌ ಶಿ ವಿಲ್ ವಾಕ್, ಸಿದ್ರಾಮ್ ಭಾಯ್."

ಕಣ್ಣು ಒರೆಸಿಕೊಂಡಳು. ತಪ್ಪಾಗಿದೆ, ತಿರುಗಿ ಕೊಡು ಅನ್ನಲೇ? ಕೊಡುವುದಕ್ಕೆ ಸೀರೆ ಎಲ್ಲಿದೆ ಈಗ... ಚಹಾ ಕುಡಿದು ಮೇಲೆ ಬಂದೆ.

ಮಾರ್ಚ್ 13, ಬುಧವಾರ

ಸಿಕಂದರಾಬಾದಿನ ಜನರಲ್ ಬಜಾರಿಗೆ ಹೋಗಿದ್ದೆ. ಇಳಕಲ್ ಇಡುವ ಅಂಗಡಿ ಒಂದು ಸಿಕ್ಕಿತು, ಬಾಗಲಕೋಟೆ ಕಡೆಯ ಶಿವಾನಂದ ಅನ್ನುವವನದು. ಕನ್ನಡ ಕೇಳಿ ಸ್ಟೂಲು ಹಾಕಿದ. ಹಸಿರು ಸೀರೆ, ಹಳೇ ನಮೂನೆಯದು ಬೇಕು ಅಂದೆ.

"ದಡಿ ಯಾವುದ್ರಿ? ಗೋಮಿ? ಪರಾಸ? ಗಾಯತ್ರಿ?"

ಅಂಚಿನ ನಮೂನೆಗೆ ಇಷ್ಟು ಹೆಸರಿವೆ ಅಂತ ಇವತ್ತೇ ತಿಳಿದದ್ದು.

"ಅಗಲ ದಡೀನೋ, ಸಣ್ಣದೋ?"

"ಹಸಿರು ಇತ್ತು," ಅಂದೆ.

ಅವನು ನಕ್ಕ. "ಗಂಡಸೂರು ಎಲ್ಲಾ ಹಿಂಗ ಅಂತಾರ್ರಿ. ಹಸಿರು ಇತ್ತು, ಕೆಂಪು ಇತ್ತು. ಮುಗೀತು."

ನಕ್ಕೆ ನಾನೂ. ಹೊರಗೆ ಬಂದ ಮೇಲೆ ನಗು ಹೋಯಿತು. ಶಿವದೇವಿ ಅದನ್ನುಟ್ಟು ಮನೆ ತುಂಬ ಓಡಾಡಿದ್ದಾಳೆ, ರಶ್ಮಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು. ನಾನು ಎದುರಿಗೇ ಪೇಪರ್ ಓದುತ್ತ ಕುಳಿತಿರುತ್ತಿದ್ದೆ. ಅಂಚು ಹೇಗಿತ್ತು? ಕಣ್ಣು ಮುಚ್ಚಿದರೆ ಪೇಪರಿನ ಹೆಡ್‌ಲೈನು ನೆನಪಾಗುತ್ತದೆ.

ಒಂದು ಸೀರೆ ತಂದೆ. ಇದ್ದುದರಲ್ಲಿ ಹಳೇದರಂತೆ ಕಾಣುವುದು. ಆದರೂ ಹೊಸದರ ಹೊಳಪು. ಬಕೆಟ್ಟಿನಲ್ಲಿ ಉಪ್ಪು ನೀರು ಮಾಡಿ ನೆನೆಹಾಕಿದೆ, ಟೆರೇಸಿನ ಮೇಲೆ ಬಿಸಿಲಿಗೆ ಹಾಕಿದೆ, ಮತ್ತೆ ನೆನೆಹಾಕಿದೆ. ಸಂಜೆಗೆ ಹೊಳಪು ಇಳಿಯಿತು. ಬಿಳಿ ಪಂಚೆಯ ತುಂಡಿನಲ್ಲಿ ಕಟ್ಟಿದೆ. ರಸ್ತೆಯ ಬೇವಿನ ಗಿಡದಿಂದ ನಾಲ್ಕು ಎಲೆ ಕಿತ್ತು ತಂದು ಒಳಗಿಟ್ಟೆ.

ಹೀಗೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇದೆ. ಫೋ... ಫೋರ್ಜರಿ. ಹೌದು, ಅದೇ.

ಮಾರ್ಚ್ 16, ಶನಿವಾರ

ಇವತ್ತು ಚುನಾವಣೆ ಘೋಷಣೆ. ನೀತಿಸಂಹಿತೆಯ ಕೋಡ್ ಬಂತು. ಮೆರವಣಿಗೆಗೆ ಮತ್ತೆ ಪೊಲೀಸ್ ಪರ್ಮಿಷನ್ ಬೇಕಂತೆ. ಡೋರೀನ್ ಮಧ್ಯಾಹ್ನದಿಂದ ಫೋನಿನಲ್ಲೇ ಇದ್ದಳು, ಕಿರುಚುವುದು ಮೇಲಿನವರೆಗೆ ಕೇಳುತ್ತಿತ್ತು. "ಸೇಂಟ್ ಪ್ಯಾಟ್ರಿಕ್ ಕ್ಯಾ ಎಲೆಕ್ಷನ್ ಲಡ್ ರಹಾ ಹೈ, ಇನ್ಸ್‌ಪೆಕ್ಟರ್ ಸಾಬ್?"

ಪರ್ಮಿಷನ್ ಸಿಗದಿರಲಿ ಅಂತ ಕುಳಿತುಬಿಟ್ಟೆ. ಪರೇಡೇ ಇಲ್ಲವಾದರೆ ಆ ಪಟ್ಟಿಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ, ನನ್ನ ಗಂಟು ರಶ್ಮಿಗೆ ಹೋಗುತ್ತದೆ, ಕುಬಸ ಆಗುತ್ತದೆ. ಎಲ್ಲರೂ ಸುಖವಾಗಿರುತ್ತಾರೆ. ಇಂಥದ್ದನ್ನು ಬಯಸಿದೆ. ಮಕ್ಕಳು ವರ್ಷವಿಡೀ ಕಾಯುವ ಪರೇಡು ನಿಂತುಹೋಗಲಿ ಅಂತ.

ಸಂಜೆ ಡೋರೀನ್ ಮೆಟ್ಟಿಲ ಕೆಳಗಿನಿಂದಲೇ ಕೂಗಿದಳು. ಮಿಲ್ ಗಯಾ! ರಸ್ತೆಯ ಒಂದು ಬದಿ, ಮೈಕ್ ಇಲ್ಲ. ಆಮೇಲೆ ಇನ್ನೊಂದು ಮಾತು.

"ರಶ್ಮಿ ಕೋ ಭೀ ಬುಲಾಯೀ ಮೈಂ. ಆ ರಹೀ ಹೈ."

ಮಾರ್ಚ್ 17, ಭಾನುವಾರ. ಮಧ್ಯಾಹ್ನ 3

ಅಡುಗೆ ಮಾಡಲಿಲ್ಲ. ಬರೆದುಬಿಡುತ್ತೇನೆ.

ಪಿಯುಸಿಯಲ್ಲಿ ಒಂದು ಪ್ರಬಂಧ ಇರುತ್ತಿತ್ತು — 'ನಾನು ಕಂಡ ಒಂದು ಮೆರವಣಿಗೆ', ಇಂಗ್ಲಿಷಿನಲ್ಲಿ. ವಿತ್ ಪಾಂಪ್ ಅಂಡ್ ಗೇಯಟಿ ಅಂತ ಬರೆದರೆ ಮಾರ್ಕ್ಸ್ ಖಾತ್ರಿ. ಇಲ್ಲಿ ಪಾಂಪ್ ಅಷ್ಟೇನೂ ಇರಲಿಲ್ಲ. ಮುಂದೆ ಎರಡು ಡ್ರಮ್ಮು. ಒಂದು ಬ್ಯಾಗ್‌ಪೈಪು, ಊದುವವನು ರಿಟೈರ್ಡ್ ಎಂಜಿನ್ ಡ್ರೈವರು, ನಾಲ್ಕು ಹೆಜ್ಜೆಗೊಮ್ಮೆ ಉಸಿರು ಸಾಲದೆ ರಾಗ ಕೆಳಗೆ ಇಳಿಯುತ್ತಿತ್ತು. ಹತ್ತಿಯ ಗಡ್ಡ ಅಂಟಿಸಿಕೊಂಡ ಸಂತ ಪ್ಯಾಟ್ರಿಕ್, ಒಂದು ಕೈ ಕಿರೀಟದ ಮೇಲೆ, ಗಾಳಿಗೆ ಹಾರದಿರಲಿ ಅಂತ. ಹಸಿರು ಟೋಪಿಯ ಮುದುಕಿಯರು. ನಡುವೆ ಮಕ್ಕಳು. ಆ ಬದಿಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತ ಹೋಗುತ್ತಲೇ ಇದ್ದವು.

ಮೆಟ್ಟುಗುಡದ ಫುಟ್‌ಪಾತಿನಲ್ಲಿ, ಮುಚ್ಚಿದ ಅಂಗಡಿಯ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಕಲ್ಲಂಗಡಿ ಗಾಡಿಯವನು, ಇಫ್ತಾರಿಗೆ ಹಣ್ಣು ಜೋಡಿಸುತ್ತಿದ್ದ.

"ಕೌನ್ಸೇ ಬಾಬಾ ಕಾ ಜುಲೂಸ್ ಹೈ, ಚಾಚಾ?"

"ಪ್ಯಾಟ್ರಿಕ್ ಬಾಬಾ."

"ಕಹಾಂ ಕೇ?"

"ಐರ್ಲೆಂಡ್ ಕೇ."

"ಅಚ್ಛಾ... ಬಡೇ ದೂರ್ ಸೇ ಆಯೇ," ಅಂದು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡ. ಒಬ್ಬ ಆಟೋದವನು ನಿಲ್ಲಿಸಿ ತೆಲುಗಿನಲ್ಲಿ ಕೇಳಿದ, ಇದು ಯಾವ ಪಾರ್ಟಿ ಅಂತ.

ಅಷ್ಟರಲ್ಲಿ ಅಳಿಯ ರಾಹುಲ ರಶ್ಮಿಯನ್ನು ಇಳಿಸಿ ಕಾರು ನಿಲ್ಲಿಸಲು ಹೋದ. ಛತ್ರಿ ಹಿಡಿದು ಬಂದು ಪಕ್ಕದಲ್ಲಿ ನಿಂತಳು. ಮುಖ ತುಂಬಿಕೊಂಡಿದೆ. ನಗುತ್ತಿದ್ದಳು, ಆ ಹತ್ತಿಯ ಗಡ್ಡ ನೋಡಿ.

ಮಕ್ಕಳು ಹತ್ತಿರ ಬಂದರು. ನಾನು ನೆಲ ನೋಡುತ್ತಿದ್ದೆ.

"ಅಪ್ಪಾ. ಆ ಪೋರಿ ಹೆಗಲ ಮ್ಯಾಲಿಂದು..."

"ಏನವಾ?"

"ಅದು ಅವ್ವನ ಸೀರಿ ದಡಿ."

ಅಂಥ ಸೀರೆ ನೂರು ಇರುತ್ತವೆ, ನಿನ್ನದು ಮನೆಯಲ್ಲಿ ಕಟ್ಟಿಟ್ಟ ಹಾಗೇ ಇದೆ — ಈ ಮಾತು ಸಿದ್ಧವಾಗಿತ್ತು. ನಿನ್ನೆಯಿಂದ ಬಾಯಿಪಾಠ ಮಾಡಿದ್ದೆ. ತಲೆ ಎತ್ತಿದೆ. ಎಲ್ಲರ ಹೆಗಲ ಮೇಲೂ ಅದೇ ಹಸಿರು. ಒಬ್ಬ ಹುಡುಗನ ಪಾಲಿಗೆ ಸೆರಗು ಬಂದಿತ್ತು, ಹಸಿರಿಗೆ ಹತ್ತಿದ ಕೆಂಪು, ಎದೆಯ ಮೇಲೆ ಬೆಂಕಿಯಂತೆ. ಆ ಕೆಂಪು ನನಗೂ ಗುರುತು ಸಿಕ್ಕಿತು.

"ಹೌದವಾ. ನಾನ ಕೊಟ್ಟೆ. ನಿನಗಂತ ಇಟ್ಟಿದ್ಲು ಅನ್ನೂದು ಗೊತ್ತಿರಲಿಲ್ಲ. ಅದರ ಬದಲಿಗೆ ಒಂದು ತಂದು, ಹಳೇದು ಮಾಡಿ ಇಟ್ಟೀನಿ. ನಿನಗ ಸುಳ್ಳು ಹೇಳಾಂವಿದ್ದೆ."

ಬೈಯಲಿಲ್ಲ. ಅಳಲಿಲ್ಲ. ನಡೆಯತೊಡಗಿದಳು. ಪರೇಡಿನಲ್ಲಲ್ಲ, ಫುಟ್‌ಪಾತಿನ ಮೇಲೆಯೇ, ಆ ಹುಡುಗಿಯ ಸಮಕ್ಕೆ. ಹುಡುಗಿ ನಿಂತರೆ ನಿಲ್ಲುತ್ತಿದ್ದಳು. ಫುಟ್‌ಪಾತ್ ಅಂದರೆ ಗೊತ್ತಲ್ಲ — ಗಾಡಿಗಳು, ಬೈಕುಗಳು, ಒಡೆದ ಚಪ್ಪಡಿ. ನಾನು ಹಿಂದೆ ಹಿಂದೆ. ರಶ್ಮೀ ಬಿಸಿಲವಾ, ರಶ್ಮೀ ಕಲ್ಲು ನೋಡು. ತಿರುಗಲಿಲ್ಲ. ಛತ್ರಿ ಯಾವಾಗಲೋ ಮಡಿಚಿಬಿಟ್ಟಿದ್ದಳು. ಒಂದು ಕೈ ಸೊಂಟದ ಮೇಲೆ. ಪೈಪಿನವನು ಉಸಿರಿಗೆ ನಿಂತಾಗ ಅವಳ ಉಸಿರು ನನಗೆ ಕೇಳುತ್ತಿತ್ತು.

ಚರ್ಚಿನ ಗೇಟಿನವರೆಗೆ ಹಾಗೇ ನಡೆದಳು.

ಅಲ್ಲಿ ಮಕ್ಕಳಿಗೆ ನಿಂಬೆ ಶರಬತ್ತು ಕೊಡುತ್ತಿದ್ದರು. ರಶ್ಮಿ ಕಷ್ಟಪಟ್ಟು ಬಗ್ಗಿ ಆ ಹುಡುಗಿಯ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದಳು.

"ಡೋಂಟ್ ಪುಲ್, ಆಂಟಿ. ಇಟ್ಸ್ ಮೈನ್."

ಡೋರೀನ್ ಓಡಿಬಂದಳು. ನಾನೇ ಹೇಳಿದೆ, ಎಲ್ಲ ಹೇಳಿದೆ. ಅವಳ ಕೈ ಬಾಯಿಗೆ ಹೋಯಿತು. ಮರುಕ್ಷಣ ಹತ್ತಿರದ ಹುಡುಗನ ಹೆಗಲಿಗೆ ಕೈ ಹಾಕಿ ಗಂಟು ಬಿಚ್ಚತೊಡಗಿದಳು.

"ಬಿಚ್ಚಬ್ಯಾಡ್ರಿ ಆಂಟಿ," ಅಂದಳು ರಶ್ಮಿ, ಕನ್ನಡದಲ್ಲೇ. "ಹುಡುಗೂರು ಅಳ್ತಾವ."

ಕಾರು ಬಂತು. ಹೋದಳು. ನನ್ನ ಕಡೆ ನೋಡಲಿಲ್ಲ.

ಮಾರ್ಚ್ 19, ಮಂಗಳವಾರ

ಫೋನು ಬಂತು ಅಂತ ಓಡಿದರೆ ಬೀಗಿತ್ತಿ ಸೂಗಮ್ಮ.

"ಬೀಗರ, ಏನ್ ಮಾಡೀರಿ? ಬಂದಾಗಿಂದ ಹುಡುಗಿ ಬಾಯಿ ಬಿಟ್ಟಿಲ್ಲ. ಹಳೇ ಸೀರಿ ಇದ್ರ ಪಾತ್ರಿ ಮಾರಾಕಿಗೆ ಹಾಕ್ತಾರ, ಒಂದು ಪಾತೇಲಿನರ ಬರ್ತೈತಿ. ಬ್ಯಾಂಡಿನವರಿಗೆ ಕೊಡ್ತಾರೇನ್ರಿ?"

"ತಪ್ಪಾತ್ರಿ."

"ಕುಬಸ ಐತೋ ಇಲ್ಲೋ? ಬಳಿಗಾರಗ ಏನ್ ಹೇಳ್ಲಿ?"

"ಅಕೀನ ಕೇಳ್ರಿ."

"ಅಕಿ ಗ್ವಾಡಿ ನೋಡ್ಕೊಂತ ಕುಂತಾಳ. ಕೇಳಬೇಕಂತ, ಕೇಳಬೇಕು!"

ಒಪ್ಪಿಕೊಂಡಿದ್ದಳು. ಅಷ್ಟು ದಿನದ ಮೇಲೆ ಒಂದು ಹೆಜ್ಜೆ ಮುಂದೆ ಇಟ್ಟಿದ್ದಳು. ಅದನ್ನೇ ನಾನು ಕತ್ತರಿಗೆ ಕೊಟ್ಟೆ. ಸೀರೆಯ ಮಾತಷ್ಟೇ ಅಲ್ಲ ಇದು. ಈಗ ಆಕೆಯ ತಲೆಯಲ್ಲಿ ಏನು ಓಡುತ್ತಿರಬಹುದು ಅಂತ ನನಗೆ ಗೊತ್ತು. ಶಕುನ... ಬರೆಯಬಾರದು.

ಮಾರ್ಚ್ 21, ಗುರುವಾರ

ಕೆಳಗೆ ರಶ್ಮಿಯ ದನಿ. ಮೊದಲು ಭ್ರಮೆ ಅನ್ನಿಸಿತು. ಮೆಟ್ಟಿಲ ಮೇಲೆ ಬಂದು ನಿಂತೆ. ಹೌದು, ಅವಳೇ. ಮೇಲೆ ಬರದೆ ನೇರ ಡೋರೀನ್ ಮನೆಗೆ ಹೋಗಿದ್ದಾಳೆ. ಬಾಗಿಲು ತೆರೆದಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಕದ್ದು ಕೇಳಿದೆ ಅಂತಲೇ ಇಟ್ಟುಕೊಳ್ಳಿ.

ಡೋರೀನ್ ಈ ಮೂರು ದಿನ ಮನೆಮನೆಗೆ ಹೋಗಿ ಪಟ್ಟಿಗಳನ್ನು ತಿರುಗಿ ತಂದಿದ್ದಾಳೆ. ಆ ಒಂದು ಹುಡುಗಿ ಮಾತ್ರ ಕೊಡಲಿಲ್ಲವಂತೆ.

"ಸಬ್ ಲೇ ಜಾ, ಬೇಟಾ. ಐ ಆಮ್ ಸೋ ಸಾರಿ. ಜೋಡ್ ಕೇ ಸಿಲಾ ಲೇ."

"ನಕೋ ಆಂಟಿ. ಸಬ್ ವಾಪಸ್ ದೇ ದೋ ಬಚ್ಚೋಂ ಕೋ. ಮೇರೇ ಕೋ ಏಕ್ ಹೀ ಹೋನಾ."

"ಏಕ್ ಸೇ ಕ್ಯಾ ಕರ್ತೀ?"

"ಮೇರೇ ವಾಸ್ತೇ ನೈ."

ತನಗಲ್ಲವಂತೆ. ಆಮೇಲೆ ಡೋರೀನ್ ದನಿ ಬೇರೆಯಾಯಿತು. ಕ್ಲಾಸಿನಲ್ಲಿ ನಿಂತ ಟೀಚರಿನ ದನಿ.

"ರೂಲ್ ಹೈ. ಸ್ಯಾಶ್ ಘರ್ ಮೇಂ ರಖ್ನೇ ಕಾ ನಹೀಂ. ಜೋ ಪರೇಡ್ ಮೇಂ ಚಲ್ತಾ, ಉಸೀ ಕೋ ಮಿಲ್ತಾ. ನೋ ವಾಕಿಂಗ್, ನೋ ಸ್ಯಾಶ್."

ಪರೇಡಿನಲ್ಲಿ ನಡೆಯುವವರಿಗೇ ಪಟ್ಟಿ, ಮನೆಯಲ್ಲಿ ಇಟ್ಟುಕೊಳ್ಳುವುದಕ್ಕಲ್ಲವಂತೆ. ಯಾಕೆ ಹೀಗೆ ಕೇಳುತ್ತಾಳೆ ಈಕೆ, ರಶ್ಮಿ ಮುಂದಿನ ಮಾತು ಆಡುವುದಿಲ್ಲ ಅಂತ ಗೊತ್ತಿದ್ದೂ? ಇಳಿದು ಹೋಗಿ ರಶ್ಮಿಯನ್ನು ಕರೆದುಕೊಂಡು ಬರೋಣ ಅಂತ ಎದ್ದೆ. ಎದ್ದವನು ಕಂಬಿ ಹಿಡಿದು ಅಲ್ಲೇ ನಿಂತೆ.

"ಚಲೇಗಾ," ಅಂದಳು ರಶ್ಮಿ.

"ಕಬ್?"

"ಅಗ್ಲೇ ಸಾಲ್ ಗೋದ್ ಮೇಂ." ಕುರ್ಚಿ ಕಿರ್ರೆಂದಿತು. "ಉಸ್ಕೇ ಅಗ್ಲೇ ಸಾಲ್ ಪೈದಲ್."

ಮುಂದಿನ ವರ್ಷ ಮಡಿಲಲ್ಲಿ. ಅದರ ಮುಂದಿನ ವರ್ಷ ಕಾಲ ಮೇಲೆ. ನನ್ನ ಮಗಳ ಬಾಯಲ್ಲಿ.

ಕಂಬಿ ಬಿಡಲಿಲ್ಲ ನಾನು, ಬಹಳ ಹೊತ್ತು.

ಆಮೇಲೆ ಮೇಲೆ ಬಂದಳು, ಮೆಟ್ಟಿಲಿಗೊಂದು ಉಸಿರು ಬಿಡುತ್ತ. ಒಂದು ಪಟ್ಟಿ ಕೈಯಲ್ಲಿ ಸುತ್ತಿಕೊಂಡಿದ್ದಳು, ಸೆರಗಿನ ಕೆಂಪಿದ್ದದ್ದು.

"ಎಲ್ಲೈತಿ ಆ ಉಪ್ಪು ನೀರಿನ ಸೀರಿ? ತಗಿ."

"ಉಪ್ಪು ನೀರು ನಿನಗ ಹೆಂಗ ಗೊತ್ತು?"

"ಟೆರೇಸಿನ್ಯಾಗ ಉಪ್ಪು ಹಾಕಿ ಹಿಂಡಾಕತ್ತಿದ್ದಿ ಅಂತಲ್ಲ, ಡೋರೀನ್ ಆಂಟಿ ನೋಡ್ಯಾಳ. ಸಿದ್ರಾಮ್ ಭಾಯ್‌ಗೆ ತಲಿ ಕೆಟ್ಟೈತಿ ಅಂದ್ಕೊಂಡಿದ್ಲಂತ."

ಗಂಟು ಬಿಚ್ಚಿ ನೋಡಿದಳು. ಮೂಸಿ ನೋಡಿದಳು. ಮುಖ ಸೊಟ್ಟ ಮಾಡಿದಳು.

"ಅವ್ವನ ಸೀರಿ ಹತ್ರಕ್ಕೂ ಬರಂಗಿಲ್ಲಪಾ ಇದು."

"ಗೊತ್ತೈತಿ."

"ಭಾನುವಾರ ಉಟ್ಕೋತೀನಿ. ಒಮ್ಮೆ ನೀಟಾಗಿ ಒಗದು ಕೊಡು. ಉಪ್ಪು ಚುಚ್ಚತೈತಿ."

ಒಗೆದು ಹಾಕಿದ್ದೇನೆ. ಇದನ್ನು ಬರೆಯುವಾಗ ಹಗ್ಗದ ಮೇಲೆ ಹಾರಾಡುತ್ತಿದೆ.

ಮಾರ್ಚ್ 25, ಸೋಮವಾರ. ಬೆಳಿಗ್ಗೆ

ನಿನ್ನೆ ಕೊಂಡಾಪುರದಲ್ಲಿ ಕುಬಸ ಆಯಿತು. ಹೆಂಗಸರ ಕೆಲಸ, ನಾನು ಮತ್ತು ರಾಹುಲ ಬಾಲ್ಕನಿಯಲ್ಲಿ ನಿಂತಿದ್ದೆವು. ಒಳಗಿನಿಂದ ಬಳೆಗಳ ಸದ್ದು. ಡೋರೀನ್ ವಿಧವೆಯಾದ್ದರಿಂದ ತಾನಾಗಿಯೇ ಬಾಗಿಲ ಬಳಿ ಕುಳಿತಿದ್ದಳಂತೆ, ಶಿವದೇವಿ ಇಷ್ಟೆಲ್ಲ ಕಲಿಸಿದ್ದಾಳೆ ಅವಳಿಗೆ. ಸೂಗಮ್ಮನೇ ಎದ್ದು ಹೋಗಿ, ಕೈ ಹಿಡಿದು ಎಳೆದು ತಂದು, "ಏ ಬರ್ರಿ ಬಾಯಾರ, ಸೀರಿ ಕತ್ತರಿಸಾಕ ಬರ್ತೈತಿ, ಉಡಿ ತುಂಬಾಕ ಬರಂಗಿಲ್ಲೇನು?" ಅಂದರಂತೆ. ಡೋರೀನಿಗೆ ಒಂದಕ್ಷರ ತಿಳಿಯಲಿಲ್ಲ. ಎಲ್ಲರೂ ನಕ್ಕದ್ದಕ್ಕೆ ಅವಳೂ ನಕ್ಕಳಂತೆ.

ಇವತ್ತು ಬೀದಿಯಲ್ಲಿ ಹೋಳಿ. ಕಿಟಕಿ ಹಾಕಿ ಕುಳಿತಿದ್ದೇನೆ. ಯೋಚಿಸುತ್ತಿದ್ದೆ, ಆ ದಿನ ಪರೇಡಿನ ಪಕ್ಕದಲ್ಲಿ ರಶ್ಮಿ ಅಷ್ಟು ದೂರ ಯಾಕೆ ನಡೆದಳು ಅಂತ. ಕೇಳಿಲ್ಲ, ಕೇಳುವುದೂ ಇಲ್ಲ. ಸೀರೆಯ ಹಿಂದೆ ಹೊರಟವಳು ಎಲ್ಲೋ ದಾರಿಯಲ್ಲಿ ಆ ಹುಡುಗಿಯನ್ನೇ ನೋಡತೊಡಗಿರಬೇಕು. ಪುಟ್ಟ ಕಾಲು, ಸಡಿಲಾದ ಬೂಟು, ಬೆವರು...

ಫೋನು. ರಶ್ಮಿ.

"ಅಪ್ಪಾ, ಪೆನ್ನು ಐತೇನು ಕೈಯಾಗ? ಬರ್ಕೋ. ಜನರಲ್ ಬಜಾರಕ್ಕ ಹೋಗಿ ತರೂದೈತಿ."

ಬೇರೆ ಕಾಗದ ಇಲ್ಲ, ಇಲ್ಲೇ ಬರೆದುಕೊಳ್ಳುತ್ತಿದ್ದೇನೆ.

ಕುಲಾಯಿ, ಎರಡು. ಕಿವಿ ಮುಚ್ಚುವಂಥದ್ದು.
ಮೆತ್ತನೆಯ ಹಳೇ ಪಂಚೆ, ನನ್ನವೇ, ಒಗೆದು ಹರಿದಿಡಬೇಕು.
ಸಾಸಿವೆಯ ತಲೆದಿಂಬು.
ಅಂಗಿ, ಹಿಂದೆ ಕಸೆ ಇರುವಂಥವು, ಗುಂಡಿ ಬೇಡ. ಸೈಜು ಎಷ್ಟು ಅಂದೆ. ಹುಟ್ಟಿದ ಕೂಡಲೇ ಹಾಕುವುದು ಒಂದು, ಆರು ತಿಂಗಳಿಗೆ ಆಗುವುದು ಒಂದು, ವರ್ಷಕ್ಕೆ ಆಗುವುದು ಒಂದು. ಇನ್ನೂ ಹೇಳುತ್ತಿದ್ದಾಳೆ.